ಮೂಲ ಸೊಡರು

ಅಕ್ಕನ ಬಲಗೈ ಮುಚ್ಚದೆ ಎಷ್ಟು ವರ್ಷವಾಯಿತು ಎಂದು ಯಾರಾದರೂ ಕೇಳಿದರೆ ನನಗೆ ರೇಗುತ್ತದೆ. ಕೇಳುವವರಿಗೆ ಲೆಕ್ಕ ಬೇಕೇ ಹೊರತು ಆ ಕೈ ಬೇಕಾಗಿಲ್ಲ. ಅವಳ ಮದುವೆಯ ಮಾತು ಬಂದು ಮುರಿದದ್ದು, ನಾನು ಗಂಡನ ಮನೆಗೆ ಹೋಗಿ ಅಲ್ಲಿ ಬಾಳಲಾರದೆ ವಾಪಸು ಬಂದದ್ದು, ನಮ್ಮವ್ವ ತೀರಿಕೊಂಡದ್ದು, ಎಲ್ಲವೂ ಆ ಅಂಗೈ ತೆರೆದಿದ್ದಾಗಲೇ ಆಯಿತು. ಅವ್ವನ ಹೆಣದ ಮುಂದೆ ಕೂಡ ಅಕ್ಕ ಎಡಗೈಯೊಂದರಲ್ಲೇ ಎದೆ ಬಡಿದುಕೊಂಡು ಅತ್ತಳು. ಬಲಗೈಯನ್ನು ಪಕ್ಕದಲ್ಲಿ ಚಾಚಿಕೊಂಡೇ ಇದ್ದಳು.

ನಮ್ಮೂರಲ್ಲಿ ಬೆಂಕಿಗೆ ಬಿಸಿಯಿದೆ, ಬೆಳಕಿಲ್ಲ. ಹಗಲು ಎಂದರೆ ಚಳಿ ಕಡಿಮೆಯಾಗುವ ಹೊತ್ತು, ರಾತ್ರಿ ಎಂದರೆ ಕಂಬಳಿ ಹುಡುಕುವ ಹೊತ್ತು, ಅಷ್ಟೇ. ಬೆಳಕು ಬೇಕೆಂದರೆ ಅಂಗೈ ತೆರೆಯಬೇಕು. ಎಲ್ಲರ ಅಂಗೈಯಲ್ಲೂ ಅದಿರುತ್ತದೆ, ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ. ಅತ್ತೆ ಒಗ್ಗರಣೆ ಹಾಕುವಾಗ ಸೊಸೆ ಅಂಗೈ ತೆರೆದು ಬೆಳಕಿಗೆ ಕೈ ಹಿಡಿದು ನಿಲ್ಲುತ್ತಾಳೆ, ಸೊಸೆ ಅಕ್ಕಿ ಆರಿಸುವಾಗ ಅತ್ತೆ ಹಿಡಿಯುತ್ತಾಳೆ. ಮುನಿಸಿಕೊಂಡು ಹಿಡಿಯದಿದ್ದರೆ ಅನ್ನದ ಕಲ್ಲು ಇಬ್ಬರ ಬಾಯಿಗೂ ಸಿಗುತ್ತದೆ. ಬೆಳಕು ಕೊಟ್ಟಷ್ಟೂ ದಣಿವು. ಇಡೀ ದಿನ ಕೈ ತೆರೆದವರು ಸಂಜೆಗೆ ಬಾಡಿದ ಸೊಪ್ಪಿನ ಹಾಗಾಗುತ್ತಾರೆ. ಮುಷ್ಟಿ ಮುಚ್ಚಿ ಒಂದು ನಿದ್ದೆ ತೆಗೆದರೆ ಮತ್ತೆ ಊರುತ್ತದೆ. ಅದಕ್ಕೇ ಕೆಲಸವಿಲ್ಲದಾಗ ಮುಷ್ಟಿ ಮುಚ್ಚಿ ಕೂರುವುದು ನಮ್ಮಲ್ಲಿ ಮರ್ಯಾದೆ. ಸುಮ್ಮಸುಮ್ಮನೆ ಅಂಗೈ ತೋರಿಸಿಕೊಂಡು ತಿರುಗುವವನನ್ನು ಬಡಾಯಿಕೋರ ಎನ್ನುತ್ತೇವೆ.

ಮಗ್ಗದ ಮನೆಗೆ ಯಾರು ಕೈ ಹಿಡಿಯಬೇಕು, ಪಾಠಶಾಲೆಗೆ ಯಾರು, ಬಾವಿಕಟ್ಟೆಗೆ ಯಾರು ಎಂದು ಗೊತ್ತುಮಾಡುವುದು ಅಳತೆಮನೆ. ಅಲ್ಲಿ ಬೆಳಕನ್ನು ಸೊಡರಿನ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಸೊಡರು ಎಂದರೆ ಎಷ್ಟು? ನಮ್ಮಕ್ಕ ಕೆಂಚಮ್ಮನ ಬಲ ಅಂಗೈ ಕೊಡುವಷ್ಟು. ಹಿರಿಯರು ಬಹಳ ಯೋಚಿಸಿಯೇ ಈ ಏರ್ಪಾಡು ಮಾಡಿದ್ದರು. ಸೇರಿಗೆ ಕಬ್ಬಿಣದ ಸೇರಿದೆ, ಮೊಳಕ್ಕೆ ಅಳತೆಗೋಲಿದೆ, ಬೆಳಕನ್ನು ಯಾವ ಪಾತ್ರೆಯಲ್ಲಿ ಹಿಡಿದಿಡುತ್ತೀರಿ? ಹಾಗಾಗಿ ಒಬ್ಬ ಹೆಣ್ಣುಮಗಳನ್ನೇ ಹಿಡಿದಿಟ್ಟರು. ಅವಳಿಗೆ ಮೂಲ ಸೊಡರು ಎಂದು ಹೆಸರು. ಹರೆಯದಲ್ಲಿ ಅಕ್ಕನ ಬೆಳಕು ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ, ಅಲುಗುತ್ತಿರಲಿಲ್ಲ. ಇಂಥದ್ದೇ ಬೇಕು ಎಂದು ಅಳತೆಮನೆಯವರು ಹುಡುಕಿಕೊಂಡು ಬಂದಾಗ ಅವ್ವ ಹಿಗ್ಗಿ ಹೀರೇಕಾಯಿಯಾದಳು. ಆಮೇಲೆ ಗೊತ್ತಾಯಿತು, ಮೂಲ ಸೊಡರಿನ ಕೈ ಮುಚ್ಚುವಂತಿಲ್ಲ ಎಂದು. ಮುಚ್ಚಿ ತೆರೆದರೆ ಬೆಳಕು ಏರುಪೇರಾಗುತ್ತದಂತೆ, ಊರಿನ ಅಳತೆಯೆಲ್ಲ ಕೆಡುತ್ತದಂತೆ. ನಿದ್ದೆಯಲ್ಲಿ ಬೆರಳು ಮಡಚಿಕೊಳ್ಳಬಾರದೆಂದು ಮಲಗುವಾಗ ಕೈಯನ್ನು ಒಂದು ಮರದ ಪಟ್ಟಿಗೆ ಬಟ್ಟೆಯಲ್ಲಿ ಕಟ್ಟುತ್ತಿದ್ದರು. ಮೊದಲು ಅವ್ವ ಕಟ್ಟುತ್ತಿದ್ದಳು, ಅವಳಾದ ಮೇಲೆ ನಾನು.

ನಾನು ಹನುಮಕ್ಕ. ಅಳತೆಮನೆಯಲ್ಲಿ ಅಳೆಯುವವಳೂ ನಾನೇ. ಅದೇನು ಬ್ರಹ್ಮವಿದ್ಯೆಯಲ್ಲ. ಉದ್ದನೆಯ ಒಂದು ಹಲಗೆ, ಅದರ ಒಂದು ತುದಿಯಲ್ಲಿ ಅಕ್ಕ, ಇನ್ನೊಂದು ತುದಿಯಲ್ಲಿ ಅಳತೆಗೆ ಬಂದವರು. ನಡುವೆ ನಾನು ಒಂದು ಬಿಳಿ ಕಾಗದ ನಿಲ್ಲಿಸಿ ಹಿಂದೆ ಮುಂದೆ ಸರಿಸುತ್ತೇನೆ. ನನ್ನ ಬೆಳಕು ಬೆರೆಯದಿರಲೆಂದು ನನ್ನ ಅಂಗೈಗಳಿಗೆ ಕಪ್ಪು ಬಟ್ಟೆ ಸುತ್ತಿರುತ್ತದೆ. ಕಾಗದದ ಮಧ್ಯೆ ಹರಳೆಣ್ಣೆಯ ಒಂದು ಕಲೆ. ಆಚೆ ಬೆಳಕು ಹೆಚ್ಚಿದ್ದರೆ ಕಲೆ ಬೆಳ್ಳಗೆ ಕಾಣುತ್ತದೆ, ಈಚೆ ಹೆಚ್ಚಿದ್ದರೆ ಕಪ್ಪಗೆ. ಎರಡೂ ಕಡೆ ಸಮವಾಗಿ ಬಿತ್ತೋ, ಕಲೆಯೇ ಮಾಯ. ಕಣ್ಣಿಗೆ ಬರುವುದು ಅದೊಂದೇ ಲೆಕ್ಕ. ಎರಡು ಬೆಳಕು ಸಮವೋ ಅಲ್ಲವೋ ಎಂದು ಕೇಳಿ, ಸರಿಯಾಗಿ ಹೇಳುತ್ತದೆ. ಎಷ್ಟು ಪಟ್ಟು ಎಂದು ಕೇಳಿ, ಬಾಯಿಗೆ ಬಂದದ್ದು ಹೇಳುತ್ತದೆ. ಆ ಪಟ್ಟನ್ನು ನಾವು ದೂರದಿಂದ ತೆಗೆಯುತ್ತೇವೆ. ದೂರ ಎರಡು ಪಟ್ಟಾದರೆ ಬೀಳುವ ಬೆಳಕು ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ದೂರ ಮೂರು ಪಟ್ಟಾದರೆ ಒಂಬತ್ತರಲ್ಲೊಂದು ಪಾಲು. ಒಂದೇ ಸೌಟು ಹಿಟ್ಟನ್ನು ದೊಡ್ಡ ಕಾವಲಿಯ ತುಂಬ ಹರಡಿದರೆ ದೋಸೆ ತೆಳ್ಳಗಾಗುವುದಿಲ್ಲವೇ, ಹಾಗೆ. ಅಕ್ಕನಿಂದ ಒಂದು ಮೊಳ, ನಿಮ್ಮಿಂದ ಎರಡು ಮೊಳ ದೂರದಲ್ಲಿ ಕಲೆ ಮಾಯವಾದರೆ ನೀವು ನಾಲ್ಕು ಸೊಡರಿನವರು. ಹೋಗಿ, ಮಗ್ಗದ ಮನೆಯಲ್ಲಿ ಕೈ ಹಿಡಿಯಿರಿ.

ನಾನು ಈ ಕೆಲಸಕ್ಕೆ ಸೇರಿದಾಗ ಊರಲ್ಲಿ ನಾಲ್ಕು ಸೊಡರಿನವರೆಂದರೆ ಬೆರಳೆಣಿಕೆ. ಬರಬರುತ್ತಾ ಎಲ್ಲರೂ ನಾಲ್ಕಾದರು, ಆಮೇಲೆ ಆರು, ಒಂಬತ್ತು. ಊರಿಗೆ ಊರೇ ಸಂಭ್ರಮಪಟ್ಟಿತು. ನಮ್ಮ ಕಾಲದಲ್ಲಿ ಒಂದೂವರೆ ಸೊಡರಿಗೇ ಹೆಣ್ಣು ಕೊಡುತ್ತಿದ್ದರು, ಈಗಿನ ಹುಡುಗರನ್ನು ನೋಡಿ ಎಂದು ಮುದುಕರು ಹೊಗಳಿದರು. ಬೆಳಕು ಹೆಚ್ಚಿದ ಮೇಲೆ ಅಷ್ಟೊಂದು ಜನ ಯಾಕೆ ಎಂದು ಅಳತೆಮನೆ ಬೀದಿಯಲ್ಲಿ ಕೈ ಹಿಡಿಯುವವರನ್ನು ದೂರದೂರ ನಿಲ್ಲಿಸಿತು. ಪಾಠಶಾಲೆಯಲ್ಲಿ ಇಬ್ಬರಿದ್ದ ಕಡೆ ಒಬ್ಬರು ಸಾಕಾದರು. ಜನ ಹೇಗೋ ಹೊಂದಿಕೊಂಡರು. ದರ್ಜಿಗಳು ಯಾವ ಬಣ್ಣದ ಬಟ್ಟೆಗೂ ಬಿಳಿ ದಾರವನ್ನೇ ಹಾಕತೊಡಗಿದರು. ಮೇಷ್ಟರು ಅಕ್ಷರಗಳನ್ನು ದಪ್ಪಗೆ ಬರೆದರು. ಹೆಂಗಸರು ಗೋಡೆ ಸವರಿಕೊಂಡು ನೀರಿಗೆ ಹೋಗುವುದನ್ನು ಕಲಿತರು. ಕ್ಷೌರದ ಮುದ್ದಪ್ಪ ಗಿರಾಕಿಗಳ ಕಿವಿಗೆ ಮೊದಲೇ ಅರಿಶಿನ ಹಚ್ಚಿ ಕೂರಿಸುತ್ತಿದ್ದ. ಕತ್ತಿ ತಾಗಿದ ಮೇಲೆ ಹುಡುಕುವುದಕ್ಕಿಂತ ಇದೇ ವಾಸಿ ಎನ್ನುತ್ತಿದ್ದ. ಬೆಳಕು ಸಾಲದು ಎಂದು ಒಬ್ಬರೂ ಅನ್ನಲಿಲ್ಲ, ಹೇಗೆ ಅಂದಾರು? ಒಂಬತ್ತು ಸೊಡರಿನವರು ಎದುರಿಗೇ ಕೈ ಹಿಡಿದು ನಿಂತಿದ್ದಾರಲ್ಲ. ಎಲ್ಲರೂ ತಂತಮ್ಮ ಕಣ್ಣನ್ನೇ ಬೈದುಕೊಂಡರು. ಕಣ್ಣಿಗೆ ಬಿಡುವ ಔಷಧಿ ಮಾರುವವನು ಮನೆ ಮೇಲೆ ಮನೆ ಕಟ್ಟಿದ.

ನನಗೆ ಗೊತ್ತಾಗುತ್ತಿತ್ತು, ಯಾಕೆಂದರೆ ಅಕ್ಕನಿಗೆ ತುತ್ತು ಇಡುತ್ತಿದ್ದವಳು ನಾನು. ಮೊದಲೆಲ್ಲ ನನ್ನ ಅಂಗೈಯ ಬಟ್ಟೆ ಬಿಚ್ಚದೆ ಅವಳ ಅಂಗೈ ಬೆಳಕಿನಲ್ಲೇ ಮೀನಿನ ಮುಳ್ಳು ತೆಗೆದು ಉಣ್ಣಿಸುತ್ತಿದ್ದೆ. ಆಮೇಲೆ ಮುಳ್ಳು ಬೆರಳಿಗೆ ಚುಚ್ಚಿದ ಮೇಲೇ ಸಿಗತೊಡಗಿತು. ಒಂದು ದಿನ ತುತ್ತು ನೇರ ಅವಳ ಮೂಗಿಗೆ ಹೋಯಿತು.

"ಅಯ್ಯೋ, ಮೂಗಿಗೂ ಹಸಿವಾಗಿದೆ ಅಂತ ಯಾರು ಹೇಳಿದ್ರೇ ನಿಂಗೆ?" ಎಂದು ನಕ್ಕಳು. ಆಮೇಲೆ ಬಲಗೈಯನ್ನು ಮುಖದ ಹತ್ತಿರ ತಂದು ನೋಡಿದಳು. "ಹನುಮೀ, ನನ್ನ ಕೈಲಿ ಇನ್ನೇನೂ ಉಳಿದಿಲ್ಲ ಕಣೇ. ಇನ್ಯಾವ ಆಸೇನೂ ಇಲ್ಲ ನಂಗೆ. ಒಂದೇ ಒಂದು ಸಲ ಈ ಮುಷ್ಟಿ ಮುಚ್ಕೊಂಡು ಮಲಗಬೇಕು."

ಅವಳು ಏನನ್ನೂ ಕೇಳಿದವಳಲ್ಲ. ಕೈ ತೊಳೆದುಕೊಂಡು ನೇರ ಅಳತೆಮನೆಯ ಯಜಮಾನ ಗುರುಪಾದಪ್ಪನವರ ಬಳಿಗೆ ಹೋದೆ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿ ಬರಬಹುದಿತ್ತು.

"ಯಜಮಾನ್ರೇ, ಅಕ್ಕಂಗೆ ಬಿಡುವು ಕೊಡಿ. ಅವಳ ಬೆಳಕು ಬತ್ತಿಹೋಗಿದೆ."

"ಕೊಡೋಣಂತೆ ಕೂತ್ಕೋಮ್ಮ. ನಾನೇನು ಕಲ್ಲಾ? ಕಾಯಿದೆ ನಿಂಗೇ ಗೊತ್ತಲ್ಲ, ಒಂದು ಸೊಡರಿಗಿಂತ ಕಮ್ಮಿ ಆದೋರಿಗೆ ಬಿಡುವು. ಅಕ್ಕ ಈಗ ಎಷ್ಟು ಸೊಡರು?"

"ಒಂದು."

"ಹೋದ ವರ್ಷ?"

"ಒಂದೇ."

"ಮತ್ತೆ ಕಮ್ಮಿ ಎಲ್ಲಾಯ್ತಮ್ಮ?"

"ಅವಳನ್ನ ಅವಳಿಗೇ ಹಿಡಿದು ಅಳೆದ್ರೆ ಇನ್ನೇನು ಬರುತ್ತೆ? ಸಾಯೋ ತನಕ ಒಂದೇ ಬರುತ್ತೆ!"

"ಹೂಂ, ಅದೂ ನಿಜಾನೇ," ಎಂದು ಅವರು ತಲೆ ಕೆರೆದುಕೊಂಡರು. "ಆದ್ರೆ ಅವಳನ್ನ ಬಿಟ್ಟು ಇನ್ಯಾವುದಕ್ಕೆ ಹಿಡಿದು ನೋಡ್ಲಿ? ನೀನೇ ಹೇಳು. ನಿನ್ನ ಕಣ್ಣು ಹೇಳಿದ್ದನ್ನ ಬರೆಯೋಕಾಗುತ್ತಾ? ನನಗೂ ಸಾಕಾಗಿದೆ ಹನುಮಕ್ಕ, ಈ ಕುರ್ಚಿ ಬಿಟ್ಟು ಎದ್ದು ಹೋದ್ರೆ ಸಾಕು ಅನ್ಸುತ್ತೆ. ಒಂದು ಆಧಾರ ತಾ, ಆಮೇಲೆ ನೋಡೋಣ."

ಅವರ ಮನೆಯಲ್ಲಿ ಮಜ್ಜಿಗೆ ಕುಡಿದು ಬಂದೆ.

ಆಧಾರ ತಾನಾಗಿಯೇ ಸಿಕ್ಕಿತು, ಅಥವಾ ಸಿಕ್ಕಿತೆಂದು ನಾನು ಅಂದುಕೊಂಡೆ. ಮಗ್ಗದ ಮನೆಯ ಬೋರಜ್ಜ ಹಾಸಿಗೆ ಹಿಡಿದಿದ್ದ. ನಮ್ಮಲ್ಲಿ ಸಾಯುವವರಿಗೆ ಕೊನೆಯ ಅಳತೆ ಮಾಡಿಸುವ ಪದ್ಧತಿ. ಇಂಥಿಂಥವರು ಇಷ್ಟು ಸೊಡರಿನಲ್ಲಿ ಹೋದರು ಎಂದು ಮಕ್ಕಳು ಹೇಳಿಕೊಳ್ಳಬೇಕಲ್ಲ. ಅಕ್ಕನನ್ನು ಗಾಡಿಯಲ್ಲಿ ಕೂರಿಸಿ, ಹಲಗೆ ಹೊರಿಸಿಕೊಂಡು ಹೋದೆವು. ಅಜ್ಜನ ಕೈಯಲ್ಲಿ ನಾಡಿ ಸಿಗುವುದೇ ಕಷ್ಟವಾಗಿತ್ತು. ಅಂಗೈ ತೆರೆದರೆ ಬೂದಿ ಮುಚ್ಚಿದ ಹಾಗೆ ಒಂದಿಷ್ಟು ಬೆಳಕು. ಕಾಗದ ಇಟ್ಟೆ. ಕಲೆ ಮಾಯವಾದದ್ದು ಹಲಗೆಯ ನಡುಮಧ್ಯಕ್ಕಿಂತ ತುಸು ಅಕ್ಕನ ಕಡೆಗೇ. ಮತ್ತೊಮ್ಮೆ ನೋಡಿದೆ, ಅಲ್ಲೇ. ಗಂಟಲಲ್ಲಿ ಗೊರಗೊರ ಅನ್ನುತ್ತಿದ್ದ ಮುದುಕ ನಮ್ಮಕ್ಕನಿಗಿಂತ ಹೆಚ್ಚು ಬೆಳಕು ಕೊಡುತ್ತಿದ್ದ.

ಬೋರಜ್ಜ ತಲೆ ಹೊರಳಿಸಿ ಅಕ್ಕನನ್ನು ನೋಡಿದ. "ತಂಗೀ," ಎಂದ, "ನಮ್ಮಿಬ್ರಲ್ಲಿ ಸಾಯ್ತಾ ಇರೋದು ಯಾರವ್ವಾ?"

ಅಕ್ಕ ಎಡಗೈಯಿಂದ ಅವನ ಹಣೆ ಸವರಿದಳು. ಸ್ವಲ್ಪ ಹೊತ್ತಿಗೇ ಅಜ್ಜ ಹೋದ. ಹೋದವರ ಮುಷ್ಟಿಯನ್ನು ಮಕ್ಕಳು ಮುಚ್ಚುತ್ತಾರೆ. ಅವನ ಹಿರಿಮಗ ಅಳುತ್ತಲೇ ಬೆರಳು ಮಡಚಿದ. ಅಕ್ಕ ರೆಪ್ಪೆ ಹೊಡೆಯದೆ ಅದನ್ನೇ ನೋಡುತ್ತಿದ್ದಳು. ಗಾಡಿಯಲ್ಲಿ ಬರುವಾಗ, "ಎಷ್ಟು ಸಲೀಸಾಗಿ ಮುಚ್ಚಿದ್ರು, ಅಲ್ವೇನೇ?" ಎಂದಳು. ಸತ್ತವನನ್ನು ಕಂಡು ಅವಳಿಗೆ ಅಸೂಯೆಯಾಗಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಓಡಿಹೋಗಿ ಯಜಮಾನರಿಗೆ ಹೇಳಿದೆ. ಸಾಯುವ ಮುದುಕ ಒಂದು ಸೊಡರಿಗಿಂತ ಹೆಚ್ಚು ಎಂದರೆ ಮೂಲ ಸೊಡರು ಏನಾಗಿರಬೇಕು, ನೀವೇ ಲೆಕ್ಕ ಹಾಕಿ ಎಂದೆ. ಅವರು ಯೋಚನೆಗೆ ಬಿದ್ದರು. ಕೂಡಿದ್ದ ಹಿರಿಯರೂ ಯೋಚನೆಗೆ ಬಿದ್ದರು. ಯೋಚಿಸಿ ಏನು ಮಾಡಿದರು ಗೊತ್ತೇ? ಪ್ರಾಣ ಹೋಗುವಾಗಲೂ ಒಂದು ಸೊಡರಿಗೆ ಮಿಗಿಲಾಗಿ ಬೆಳಗಿದ ಪುಣ್ಯಾತ್ಮ ಎಂದು ಬೋರಜ್ಜನ ಹೆಸರಿನಲ್ಲಿ ಮಗ್ಗದ ಮನೆ ಮುಂದೆ ಕಲ್ಲು ನೆಡಿಸಿದರು. ಅವನ ಮಕ್ಕಳು ನನ್ನ ಮನೆಗೇ ಬಂದು ಪಾಯಸ ಕೊಟ್ಟು ಹೋದರು. ನಾನು ಹಣೆ ಚಚ್ಚಿಕೊಂಡೆ. ಪಾಯಸ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಅಕ್ಕ ಎರಡು ಬಟ್ಟಲು ತಿಂದಳು.

ಆ ಸಲದ ದೊಡ್ಡ ಅಳತೆಯ ದಿನ ಬಂತು. ವರ್ಷಕ್ಕೊಮ್ಮೆ ಊರಿನವರೆಲ್ಲ ಅಳತೆಮನೆಯ ಹಜಾರದಲ್ಲಿ ಕೂಡುತ್ತಾರೆ. ಹಿಂದೆ ಆ ದಿನ ಬಂದವರೆಲ್ಲ ಮುಷ್ಟಿ ಮುಚ್ಚಿ ಕೂರಬೇಕಿತ್ತಂತೆ, ಬೇರೆ ಬೆಳಕು ಅಳತೆಗೆ ಬೆರೆಯಬಾರದಲ್ಲ. ಜನ ಹೆಚ್ಚಾದರು, ಯಾರು ಯಾರನ್ನು ಕಾಯುವುದು ಎಂದು ಹಲಗೆಯ ಸುತ್ತ ಕರಿಕಂಬಳಿ ಕಟ್ಟುವ ರೂಢಿ ಬಂತು. ಕಂಬಳಿಯ ಒಳಗೆ ಅಕ್ಕ, ನಾನು, ಅಳತೆಗೆ ಬಂದವರು. ಹೊರಗೆ ಊರು ತನ್ನ ಪಾಡಿಗೆ ಕೈ ತೆರೆದುಕೊಂಡು ಕಡಲೆಪುರಿ ತಿನ್ನುತ್ತಾ ಹರಟುತ್ತಿರುತ್ತದೆ. ನಾನು ಒಳಗಿನಿಂದ ಲೆಕ್ಕ ಕೂಗಿದರೆ ಅವರು ಚಪ್ಪಾಳೆ ಹೊಡೆಯುತ್ತಾರೆ. ಮೂಲ ಸೊಡರನ್ನು ಅವರು ನೋಡಿ ಅದೆಷ್ಟು ಕಾಲವಾಗಿತ್ತೋ.

ಮೊದಲು ಬಂದವನು ಮುದ್ದಪ್ಪ. ಕಾಗದವನ್ನು ಮಧ್ಯದಿಂದ ಅಕ್ಕನ ಕಡೆಗೆ ಸರಿಸಿದೆ. ಕಲೆ ಹೋಗಲಿಲ್ಲ. ಇನ್ನೂ ಸರಿಸಿದೆ. ಹೋಗಲಿಲ್ಲ. ಸರಿಸುತ್ತಾ ಸರಿಸುತ್ತಾ ಕಾಗದ ಅಕ್ಕನ ಅಂಗೈಗೇ ತಾಗಿತು, ಕಲೆ ಹಾಗೇ ನಿಂತಿತ್ತು. ಹಲಗೆ ಮುಗಿದುಹೋಗಿತ್ತು. ಅಕ್ಕ ನನ್ನ ಮುಖ ನೋಡಿದಳು. ತಪ್ಪು ತನ್ನದೇ ಎಂಬಂತೆ ನೋಡಿದಳು.

"ಏನಾಯ್ತಮ್ಮ, ಲೆಕ್ಕ ಕೂಗು," ಎಂದು ಗುರುಪಾದಪ್ಪನವರು ಕಂಬಳಿ ಸರಿಸಿ ಇಣುಕಿದರು. ನಡೆದದ್ದನ್ನು ಹೇಳಿದೆ. ಅವರು ಹೊರಗೆ ತಿರುಗಿ, "ಹಲಗೆಗೆ ನಿಲುಕದಷ್ಟು ಬೆಳಕಾಗಿದೆ!" ಎಂದರು. ಹೇಳುವಾಗ ಅವರ ದನಿಯಲ್ಲಿ ಅಂಥ ಖುಷಿಯೇನೂ ಇರಲಿಲ್ಲ, ಆದರೆ ಹಜಾರ ಚಪ್ಪಾಳೆಯಿಂದ ಹಾರಿಹೋಯಿತು. ಮುದ್ದಪ್ಪ ಕಂಬಳಿ ಸರಿಸಿ, ಕೂತಲ್ಲಿಂದಲೇ ಎರಡೂ ಕೈ ಎತ್ತಿ ಎಲ್ಲರಿಗೂ ನಮಸ್ಕಾರ ಮಾಡಿದ. ಯಾರೋ ಬಡಗಿ ವೀರಾಚಾರಿಯನ್ನು ಕರೆದರು. ಅವನು ಬಂದು ಹಲಗೆಯ ಉದ್ದ ನೋಡಿ, ಇದರ ಎರಡರಷ್ಟು ಮಾಡೋಣ, ಗೋಡೆ ಒಡೆದರೆ ಮೂರರಷ್ಟೂ ಆಗುತ್ತೆ ಎಂದ.

"ಅಲ್ಲೀ ತನಕ ಅಮ್ಮಾವ್ರು ಹೀಗೇ ಕೂತಿರ್ಲಿ," ಎಂದು ಯಾರೋ ಅಕ್ಕನನ್ನು ಕುರಿತು ಅಂದರು.

ಆಗ ನನಗೆ ಏನೋ ಆಯಿತು. ಸಿಟ್ಟು ಎನ್ನಲೇ, ಸಿಟ್ಟಿಗೂ ತ್ರಾಣ ಬೇಕು. ಸಾಕಾಯಿತು, ಅಷ್ಟೇ. ಕಾಗದವನ್ನು ಕೆಳಗಿಟ್ಟೆ. ಕಂಬಳಿಗಳನ್ನು ಒಂದೊಂದಾಗಿ ಕಿತ್ತೆಸೆದೆ. ಹಲಗೆಯ ಮೇಲೆ ಹತ್ತಿ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ.

"ಎಲ್ಲಾರೂ ಮುಷ್ಟಿ ಮುಚ್ರೀ! ಹಳೇ ಪದ್ಧತಿ. ಮುಚ್ರೀ ಅಂದ್ರೆ ಮುಚ್ರೀ!"

"ಇದೇನು ಹನುಮಕ್ಕ, ಈಗ ಯಾಕೆ?" ಎಂದರು ಯಜಮಾನರು.

"ಅಳೆಯೋಳು ನಾನು. ಕೇಳೋ ಹಕ್ಕು ನಂಗಿದೆ. ನೀವೂ ಮುಚ್ಚಿ."

ಕೇಳುವ ಹಕ್ಕು ನನಗಿದ್ದದ್ದು ನಿಜ. ಮುಂದಿನ ಸಾಲಿನ ಮುದುಕರು ಮೊದಲು ಮುಚ್ಚಿದರು, ಅವರಿಗೆ ಪದ್ಧತಿ ನೆನಪಿತ್ತು. ಅವರ ಹಿಂದಿನವರು ಮುಚ್ಚಿದರು. ಗೊಣಗುತ್ತಾ, ನಗುತ್ತಾ, ಸಾಲುಸಾಲಾಗಿ ಮುಚ್ಚುತ್ತಾ ಹೋದರು. ಬಾಗಿಲ ಬಳಿ ಯಾರದೋ ಒಂದು ಕೈ ಉಳಿದಿತ್ತು, ಪಕ್ಕದವರು ತಿವಿದ ಮೇಲೆ ಅದೂ ಮುಚ್ಚಿತು. ಕೊನೆಗೆ ಮುದ್ದಪ್ಪ ಮುಚ್ಚಿದ.

ಅಂಥ ಕತ್ತಲನ್ನು ನಾನು ಕಂಡಿರಲಿಲ್ಲ. ಪಕ್ಕದಲ್ಲಿರುವವರ ಉಸಿರು ಕೇಳಿಸುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಕಡಲೆಪುರಿ ಅಗಿಯುವ ಸದ್ದು ನಿಂತಿತು. ಒಂದು ಕೂಸು ಅಳುವುದಕ್ಕೆ ಶುರುಮಾಡಿತು, ತಾಯಿ ಅದರ ಬಾಯಿಗೆ ಮೊಲೆ ಕೊಟ್ಟಳೆಂದು ಕಾಣುತ್ತದೆ, ಸುಮ್ಮನಾಯಿತು. ಎಲ್ಲರೂ ಕಾದರು. ಹಲಗೆಯ ಕಡೆಯಿಂದ ಬೆಳಕು ಬರಬೇಕಲ್ಲ, ಮೂಲ ಸೊಡರು ಅಲ್ಲೇ ಇದೆಯಲ್ಲ ಎಂದು ಕಾದರು.

"ಎಲ್ರೀ, ಏನೂ ಕಾಣ್ತಿಲ್ಲ?" ಎಂದಿತು ಒಂದು ದನಿ.

"ತಡಿಯಪ್ಪ, ಕಣ್ಣು ಹೊಂದ್ಕೋಬೇಕು."

ಇನ್ನಷ್ಟು ಕಾದರು. ಏನೂ ಕಾಣಲಿಲ್ಲ. ಆಗ ಮುದ್ದಪ್ಪ, ಅಕ್ಕನಿಂದ ಒಂದು ಹಲಗೆಯಷ್ಟು ದೂರ ಕೂತವನು, ಗಾಬರಿಯಿಂದ ಕೇಳಿದ. "ಅಮ್ಮಾವ್ರು ಎದ್ದು ಹೋದ್ರಾ?"

"ಇಲ್ಲೇ ಇದೀನಿ ಕಣಪ್ಪಾ," ಎಂದಳು ಅಕ್ಕ. "ಕೈ ತೆರಕೊಂಡೇ ಕೂತಿದೀನಿ."

ಮುಷ್ಟಿ ತೆರೆಯಲು ಯಾರಿಗೂ ಮನಸ್ಸಾಗಲಿಲ್ಲ. ತೆರೆದರೆ ಒಬ್ಬರ ಮುಖ ಒಬ್ಬರು ನೋಡಬೇಕಿತ್ತು. ಎಲ್ಲೋ ಹಿಂದೆ ಒಬ್ಬ ಹೆಂಗಸು ಬಿಕ್ಕಿದಳು. ಗುರುಪಾದಪ್ಪನವರು ತಡವರಿಸಿಕೊಂಡು ಹಲಗೆ ಹಿಡಿದು ಹಿಡಿದು ಅಕ್ಕನ ಹತ್ತಿರ ಬಂದದ್ದು ಸದ್ದಿನಲ್ಲೇ ಗೊತ್ತಾಯಿತು.

"ಕೆಂಚಮ್ಮ, ತಾಯಿ," ಎಂದರು. ಆಮೇಲೆ, "ಹನುಮಕ್ಕ, ಇವಳನ್ನ ಮನೆಗೆ ಕರಕೊಂಡು ಹೋಗಮ್ಮ," ಎಂದರು.

"ಮತ್ತೆ ಅಳತೆ?" ಎಂದು ವೀರಾಚಾರಿ ಕೇಳಿದ.

"ನಂಗೊತ್ತಿಲ್ಲ ಮಾರಾಯ. ಸುಮ್ನಿರು."

ಅಕ್ಕನನ್ನು ತಬ್ಬಿಕೊಂಡು ಎಬ್ಬಿಸಿದೆ. ಜನ ಕತ್ತಲಲ್ಲೇ ಕಾಲು ಮಡಚಿ ದಾರಿ ಬಿಟ್ಟರು. ಹಾದುಹೋಗುವಾಗ ಯಾರ್ಯಾರೋ ಅವಳ ಸೆರಗು ಎಳೆದು ಕಣ್ಣಿಗೊತ್ತಿಕೊಳ್ಳುವುದು ಗೊತ್ತಾಗುತ್ತಿತ್ತು. ನನಗೆ ಅದೂ ಬೇಡವೆನ್ನಿಸಿತು. ಇಷ್ಟು ದಿನ ಎಲ್ಲಿದ್ದರು?

ಮನೆಯಲ್ಲಿ ಚಾಪೆ ಹಾಸಿದೆ. ನನ್ನ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಎಣ್ಣೆ ಬೆಚ್ಚಗೆ ಮಾಡಿ ಅವಳ ಬಲಗೈಗೆ ತಿಕ್ಕಿದೆ. ಬೆರಳುಗಳು ಮಡಚುವುದನ್ನೇ ಮರೆತಿದ್ದವು. ಕಿರುಬೆರಳಿನಿಂದ ಶುರುಮಾಡಿ ಒಂದೊಂದನ್ನೇ ಬಗ್ಗಿಸಿದೆ. ಗೆಣ್ಣುಗಳಲ್ಲಿ ನೋವಾಗುತ್ತಿತ್ತೇನೋ, ಅವಳು ಹಲ್ಲು ಕಚ್ಚಿಕೊಂಡಿದ್ದಳು, ಬೇಡ ಎನ್ನಲಿಲ್ಲ. ಹೆಬ್ಬೆರಳನ್ನು ಕೊನೆಗೆ ಮೇಲಿಟ್ಟೆ.

ಅಷ್ಟರಲ್ಲಿ ಬಾಗಿಲಾಚೆ ಯಾರೋ ಕೆಮ್ಮಿದರು. ನಾಳೆ ಮಗ್ಗದ ಮನೆಗೆ ಎಷ್ಟು ಸೊಡರಿನವರನ್ನು ಕಳಿಸುವುದು ಎಂದು ಕೇಳಲು ಬಂದಿದ್ದರು. "ನೇಯೋರನ್ನ ಕೇಳಿ. ನೂಲಿನ ಎಳೆ ಕಾಣೋ ತನಕ ಹತ್ರ ಹೋಗಿ ನಿಲ್ಲಿ, ಸಾಲದಿದ್ರೆ ಇನ್ನೊಬ್ರನ್ನ ಕರೀರಿ," ಎಂದು ಕೂಗಿ ಹೇಳಿದೆ. ಅವರು ಇನ್ನೇನೋ ಕೇಳತೊಡಗಿದರು. ಅಕ್ಕ ಮಲಗಿದಾಳೆ ಎಂದೆ. ಹೊರಟು ಹೋದರು.

"ಹನುಮೀ, ಮುಚ್ಚಿದೆಯಾ?" ಎಂದಳು ಅಕ್ಕ. ಅವಳಿಗೆ ಬೆರಳತುದಿಗಳಲ್ಲಿ ಸ್ಪರ್ಶವೇ ಇರಲಿಲ್ಲ.

"ಪೂರ್ತಿ ಮುಚ್ಚಿದೆ."

"ಮತ್ತೆ ಬೆಳಕು ಕಾಣ್ತಿದೆಯಲ್ಲೇ?"

"ಅದು ನನ್ನ ಕೈದು ಅಕ್ಕ."

"ನಿಂದೂ ಮುಚ್ಚೇ. ನೀನೂ ದಣಿದಿದೀಯ."

ಮುಚ್ಚಿದೆ. ಅವಳೂ ಕಾಣದಾದಳು, ಗೋಡೆಯೂ ಕಾಣದಾಯಿತು.

"ಈಗ ಕತ್ತಲಾಯ್ತಾ?"

"ಹ್ಞೂಂ ಅಕ್ಕ. ಏನೇನೂ ಕಾಣ್ತಿಲ್ಲ."

"ಸದ್ಯ," ಎಂದಳು. ಚಾಪೆ ಸರಬರ ಎಂದಿತು. ಪಟ್ಟಿಗೆ ಕೈ ಕಟ್ಟಿಸಿಕೊಂಡು ಎಂದೂ ಆ ಕಡೆಗೆ ಹೊರಳಲಾಗದಿದ್ದವಳು ಬಲಮಗ್ಗುಲಾಗಿ ಮಲಗಿದಳು.